ಮಾತಾಡಿಸಲು ಹೋಗುವ ಸೀತಾಬಾಯಿ

ಬೆಲ್ಲದ ಬಾಗೇವಾಡಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಮರುದಿನ ಸೀತಾಬಾಯಿ ಅವರ ಹೊಸ್ತಿಲಲ್ಲಿ ಇರುತ್ತಿದ್ದಳು. ಜಾತಿ, ಓಣಿ, ಹಳೆಯ ಜಗಳ ಯಾವುದೂ ಅಡ್ಡ ಬರುತ್ತಿರಲಿಲ್ಲ. ಒಂದು ಕೈಯಲ್ಲಿ ಗಂಜಿಯ ಡಬ್ಬಿ, ಇನ್ನೊಂದರಲ್ಲಿ ತನ್ನ ಮನೆಯ ನೀರಿನ ತಂಬಿಗೆ. ಜೈನರ ಮನೆಯವಳು, ಅರಿವೆಯಲ್ಲಿ ಗಾಳಿಸದ ನೀರು ಮುಟ್ಟುವವಳಲ್ಲ. ರೋಗಿಯ ಹಣೆ ಮುಟ್ಟಿ, ಕೈ ಹಿಡಿದು, ಊರ ಸುದ್ದಿಯನ್ನೆಲ್ಲ ಹೇಳಿ ನಗಿಸಿಯೇ ಏಳುತ್ತಿದ್ದಳು. ಅವಳ ದನಿಯೋ, ನಾಲ್ಕು ಓಣಿಗೆ ಕೇಳುವಂಥದ್ದು. ರೋಗಿಗೆ ನಿದ್ದೆ ಬೇಕಿದ್ದರೂ ಹಾಗೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಹಟಕ್ಕೊಂದು ಕಾರಣವಿತ್ತು. ಅವಳು ಸಣ್ಣವಳಿದ್ದಾಗ ಊರಿಗೆ ದೇವಿ ಹಾಕುವವರು ಬಂದಿದ್ದರು. ಸಿಡುಬಿನ ಲಸಿಕೆಗೆ ಆಗ ಜನ ಹಾಗೆನ್ನುತ್ತಿದ್ದರು. ಅಕ್ಕ ತ್ರಿಶಲಾಗೆ ವರ ಹುಡುಕುತ್ತಿದ್ದ ಕಾಲ. ತೋಳಿನ ಮೇಲೆ ಕಲೆ ಬಿದ್ದರೆ ಕನ್ಯೆ ನೋಡಲು ಬಂದವರು ಏನಂದಾರು ಎಂದು ಅಜ್ಜಿ ಅವಳನ್ನು ಜೋಳದ ಚೀಲಗಳ ಹಿಂದೆ ಅಡಗಿಸಿಟ್ಟಳು. ಅಂಗಳದಲ್ಲಿ ಆಡುತ್ತಿದ್ದ ಸೀತಾ ಮಾತ್ರ ಸಿಕ್ಕಿಬಿದ್ದು, ಅತ್ತು ರಂಪ ಮಾಡಿ ಎರಡು ಕಲೆ ಹಾಕಿಸಿಕೊಂಡಳು. ಮುಂದಿನ ಬೇಸಿಗೆಯಲ್ಲಿ ಊರಲ್ಲಿ ಸಿಡುಬು ಎದ್ದಿತು. ತಂಗಿಯ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅಕ್ಕ ಉಳಿಯಲಿಲ್ಲ. ಆ ದಿನಗಳಲ್ಲಿ ಮನೆಯ ಕಡೆ ನರಪಿಳ್ಳೆಯೂ ಸುಳಿಯಲಿಲ್ಲ. ಬಂದವಳು ಅದೇ ಓಣಿಯ ಯಲ್ಲವ್ವ ಒಬ್ಬಳೇ. ಹಿಂದೊಮ್ಮೆ ಸಿಡುಬೆದ್ದು ಬದುಕಿದ್ದ ಅವಳ ಮುಖದ ತುಂಬ ಕುಳಿಗಳಿದ್ದವು. “ನನಗ ಬಂದ ಹೋಗೈತಿ, ಮತ್ತ ಬರಂಗಿಲ್ಲ,” ಎಂದು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯತನಕ ಕೂತಿದ್ದಳು.

ಅಂದಿನಿಂದ ಸೀತಾಬಾಯಿ ಲಸಿಕೆಯನ್ನೂ ಬಿಡಲಿಲ್ಲ, ರೋಗಿಯನ್ನೂ ಒಂಟಿ ಬಿಡಲಿಲ್ಲ. ಮುಂದೆ ಪೋಲಿಯೊ ಹನಿ ಬಂದಾಗ ಓಣಿಯ ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡು ಓಡಿದವಳು ಅವಳೇ. ತಡಮಾಡಿದ ತಾಯಂದಿರಿಗೆ ದಾರಿಯುದ್ದಕ್ಕೂ ಬೈಗುಳ ಬೇರೆ.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಪುಣೆಯ ಕಡೆಯಿಂದ ಹಂದಿಜ್ವರದ ಸುದ್ದಿ ಬಂತು. ಮೊಮ್ಮಗ ಜಿನೇಂದ್ರನ ಹೆಂಡತಿ ರೂಪಾಲಿಗೆ ಆಗ ಏಳು ತಿಂಗಳು. ಅವಳ ತವರು ಸಾಂಗ್ಲಿ. ಅತ್ತ ಜ್ವರದ ಭಯವಿದ್ದುದರಿಂದ ಹೆರಿಗೆಗೆ ಕಳಿಸದೆ ಇಲ್ಲೇ ಇಟ್ಟುಕೊಂಡಿದ್ದರು. ಅದೇ ವಾರ ಬಾಜೂ ಮನೆಯ ಗೌರವ್ವ ಪುಣೆಯ ಮಗಳ ಮನೆಯಿಂದ ಬಂದವಳೇ ಮಲಗಿಬಿಟ್ಟಳು. ಗೌರವ್ವ ಅಂದರೆ ಸೀತಾಬಾಯಿಗೆ ಜೀವದ ಗೆಳತಿ. ಸುದ್ದಿ ಕಿವಿಗೆ ಬಿದ್ದದ್ದೇ ತಂಬಿಗೆ ಹಿಡಿದು ಹೊರಟಳು.

“ಆಯಿ, ಹೋಗಬ್ಯಾಡ್ರಿ,” ಎಂದಳು ರೂಪಾಲಿ.

“ನಾ ಗಾಳಿಸಿದ ನೀರ ಕುಡ್ಯಾಕಿ, ಹೊತ್ತ ಮುಳಗೂದರಾಗ ಉಣ್ಣಾಕಿ. ನನಗ್ಯಾವ ಜ್ವರಾ ಬರತೈತಿ?”

ಆ ಜಂಬದಲ್ಲೇ ಗೌರವ್ವನ ಪಕ್ಕ ಕೂತು, ಅವಳ ಕೈ ಹಿಡಿದು, ಕೆಮ್ಮನ್ನೆಲ್ಲ ಮುಖಕ್ಕೆ ತೆಗೆದುಕೊಂಡು ಹರಟಿದಳು. ಅಷ್ಟರಲ್ಲಿ ಗೌರವ್ವನನ್ನು ನೋಡಲು ಹುಕ್ಕೇರಿಯಿಂದ ಡಾಕ್ಟರಮ್ಮ ಬಂದರು. ಸೀತಾಬಾಯಿ ಕೂತಿದ್ದ ಪರಿ ನೋಡಿ ಬಾಗಿಲಲ್ಲೇ ನಿಂತರು.

“ಆಯಿ, ಇದು ನೀರಾಗ ಬರೂದಲ್ಲ, ಉಸರಿನಾಗ ಬರತೈತಿ. ನಿಮ್ಮ ಮನ್ಯಾಗ ಬಸರಿ ಅದಾಳ ಹೌದಿಲ್ಲ? ಬಸರೆಂಗಸರಿಗಿ ಈ ಜ್ವರಾ ಭಾಳ ಕೆಟ್ಟದ್ದು.”

ಸೀತಾಬಾಯಿಯ ದನಿ ಒಮ್ಮೆಲೇ ಇಳಿಯಿತು. “ಇದಕ್ಕ ದೇವಿ ಹಾಕಂಗಿಲ್ಲೇನ್ರಿ?”

“ಇನ್ನೂ ಬಂದಿಲ್ಲ. ಬರೂತನಕ ದೂರ ಇರೂದು, ಬಾಯಿ ಮುಚ್ಚಿಕೊಳ್ಳೂದು, ಕೈ ತೊಳ್ಯೂದು. ಸದ್ಯಕ್ಕ ಅದ ದೇವಿ ಅಂತ ತಿಳೀರಿ.”

ಅವಳು ಮುಂಬಾಗಿಲಿಂದ ಮನೆ ಸೇರಲಿಲ್ಲ. ಹಿತ್ತಲು ಸುತ್ತಿ ದನದ ಕೊಟ್ಟಿಗೆಗೆ ಹೋದಳು. ಚಹಾ ಆರುತ್ತದೆಂದು ಕರೆಯಲು ಬಂದ ರೂಪಾಲಿಗೆ, “ಅಲ್ಲೇ ನಿಂದ್ರ! ಒಂದ ಹೆಜ್ಜಿ ಮುಂದ ಇಟ್ಟೀ ನೋಡ!” ಎಂದು ಕೂಗಿದ ಕೂಗಿಗೆ ಎಮ್ಮೆ ಎದ್ದು ನಿಂತಿತು. ನೀರು ಗಾಳಿಸುವ ಅರಿವೆಗಳಲ್ಲಿ ಒಗೆದದ್ದೊಂದನ್ನು ತರಿಸಿ, ಮಡಚಿ ಬಾಯಿಗೆ ಕಟ್ಟಿಕೊಂಡಳು. ಬಾಗಿಲ ಹೊರಗೆ ಬಕೆಟ್ಟು, ಸಾಬೂನು. ಊಟದ ತಾಟನ್ನು ದೂರ ಇಟ್ಟು ಹೋಗಬೇಕು, ಇಟ್ಟವರು ಕೈ ತೊಳೆಯಬೇಕು.

ಎರಡು ದಿನ ಕಳೆಯುವುದರಲ್ಲಿ ಜ್ವರ ಬಂತು. ಸುದ್ದಿ ಹಬ್ಬಿದ್ದೇ ಊರಿಗೆ ಊರೇ ಅವಳನ್ನು ಮಾತಾಡಿಸಲು ಹೊರಟಿತು. ಬರದೆ ಇದ್ದಾರೆಯೇ? ಅವಳು ಕಾಲಿಡದ ಮನೆ ಯಾವುದಿತ್ತು? ಸೀತಾಬಾಯಿ ಮಲಗಿದಲ್ಲಿಂದಲೇ, “ನಾ ಸತ್ತಿಲ್ಲ, ಹೋಗ್ರಿ! ಸತ್ತ ಮ್ಯಾಲ ಬರೂವಂತ್ರಿ!” ಎಂದು ಎಲ್ಲರನ್ನೂ ಅಟ್ಟಿದಳು. ಬಂದವರು ಹಿತ್ತಲ ಗೋಡೆಯ ಮೇಲೆ ಮೋಸಂಬಿ ಇಟ್ಟು ಹೋದರು.

ಒಂದು ಸಂಜೆ ಗೋಡೆಯಾಚೆ ರೂಪಾಲಿ ಕೆಮ್ಮಿದ್ದು ಕೇಳಿಸಿತು. ಬಿಡದೆ ಕೆಮ್ಮಿದಳು. ಸೀತಾಬಾಯಿ ಗೋಡೆಗೆ ಕಿವಿ ಹಚ್ಚಿದಳು. ಕೂಗಿ ಕೇಳೋಣವೆಂದರೆ ಆ ದೊಡ್ಡ ದನಿಯೇ ಹೊರಡದು. ನಾನೇ ಜ್ವರ ತಂದೆ, ನಾನೇ ಅವಳಿಗೆ ಹಚ್ಚಿದೆ ಎಂದು ಅರಿವೆಯೊಳಗೇ ಬಿಕ್ಕಿದಳು.

ಆಗ ಕೊಟ್ಟಿಗೆಯ ಬಾಗಿಲು ತೆರೆಯಿತು. ಬಡಕಲಾಗಿದ್ದ ಗೌರವ್ವ ಮುಖಕ್ಕೆ ಸೆರಗು ಕಟ್ಟಿಕೊಂಡು ಒಳಗೆ ಬಂದಳು.

“ದೂರ, ದೂರ ಹೋಗ ಗೌರವ್ವಾ!”

“ನನಗ ಬಂದ ಹೋಗೈತಿ,” ಎನ್ನುತ್ತ ಗೌರವ್ವ ಪಕ್ಕದಲ್ಲೇ ಕೂತಳು. “ಡಾಕ್ಟರಮ್ಮನ್ನ ಕೇಳೇ ಬಂದೇನಿ. ಯಾಕ ಅಳಾಕತ್ತಿ?”

“ರೂಪಾಲಿ ಕೆಮ್ಮಾಕತ್ತಾಳ…”

“ಖಾರಕ್ಕ ಮೆಣಸಿನಕಾಯಿ ಹುರದಾರ, ಕೆಮ್ಮದ ಏನ ಮಾಡ್ಯಾಳು? ನಾನೂ ಕೆಮ್ಮಿಕೋತ ಬಂದೆ.”

ಸೀತಾಬಾಯಿ ನಕ್ಕಳೋ ಅತ್ತಳೋ, ಗೌರವ್ವನಿಗೆ ತಿಳಿಯಲಿಲ್ಲ. ಗೆಳತಿಯ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಊರ ಸುದ್ದಿ ಹೇಳತೊಡಗಿದಳು.

ಜ್ವರ ಇಳಿಯಿತು. ರೂಪಾಲಿಗೆ ಕಡೆಗೂ ಅದು ತಾಗಲಿಲ್ಲ. ದೀಪಾವಳಿ ಮುಗಿದ ಮೇಲೆ ಹೆಣ್ಣು ಹೆತ್ತಳು. ಮುಂದಿನ ವರ್ಷ ಹಂದಿಜ್ವರಕ್ಕೂ ಲಸಿಕೆ ಬಂದಾಗ ಸೀತಾಬಾಯಿ ಇಡೀ ಮನೆಯನ್ನು ಹುಕ್ಕೇರಿಗೆ ಎಳೆದೊಯ್ದು, ತಾನೇ ಮೊದಲು ತೋಳು ಚಾಚಿದಳು. “ನಿಮಗ ಬಂದ ಹೋಗೈತಲ್ರಿ ಆಯಿ,” ಎಂದರು ಡಾಕ್ಟರಮ್ಮ. “ಇರಲಿ ಬಿಡ್ರಿ. ನಾ ಮನಿ ಮನಿ ಅಡ್ಡ್ಯಾಡಾಕಿ,” ಎಂದಳು. ಚುಚ್ಚಿದ ಜಾಗದಲ್ಲಿ ಕಲೆ ಉಳಿಯುವುದಿಲ್ಲವೆಂದು ತಿಳಿದಾಗ ಅವಳಿಗೆ ಒಂಚೂರು ಬೇಸರವಾಯಿತು.

ಮರಳಿ ಬರುವಾಗ ಬಸ್ಸಿನಲ್ಲಿ ಮರಿಮೊಮ್ಮಗಳು ಅವಳ ಮಡಿಲಲ್ಲಿ ನಿದ್ದೆ ಹೋದಳು. ಹುಟ್ಟಿದಾಗ ಹಾಕಿಸಿದ ಬೇರೊಂದು ಲಸಿಕೆಯ ಕಲೆ ಕೂಸಿನ ತೋಳಿನ ಮೇಲೆ ಬಟಾಣಿಯಷ್ಟು ಎದ್ದು ಕಾಣುತ್ತಿತ್ತು. ಸೀತಾಬಾಯಿ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ತನ್ನ ಹಟದಿಂದ ಇಟ್ಟ ಹೆಸರನ್ನು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕರೆದಳು.

“ತ್ರಿಶಲಾ, ಈ ಸಲ ನಿನ್ನ ಅಡಗಿಸಿಡಾಕ ಯಾರಿಗೂ ಬಿಡಲಿಲ್ಲ ನೋಡವಾ.”