ಕೊಬ್ಬರಿ ಉಗ್ರಾಣಕ್ಕೆ ನೀರು ತಂದ ಅಕ್ಕ

ಹೋದ ವಾರ ಕಿಬ್ಬನಹಳ್ಳಿಯಲ್ಲಿ ನಮ್ಮ ಬಸ್ಸಿನ ರೇಡಿಯೇಟರ್ ಒಡೆದು ಎಲ್ಲರೂ ಕೆಳಗಿಳಿದು ನಿಂತಿದ್ದೆವು. ಎಂಜಿನ್ನಿನ ಅಡಿಯಿಂದ ಹಸಿರು ನೀರು ರಸ್ತೆಗೆ ಹರಿದು, ಬಿಸಿಲಿಗೆ ಕಾದು, ಒಂದು ಬಗೆಯ ಸಿಹಿ ವಾಸನೆ ಎದ್ದಿತು. ಉಳಿದವರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಸರಿಯಲಿಲ್ಲ. ಅಕ್ಕನ ಸೆರಗು ಎಷ್ಟೋ ದಿನ ಇದೇ ವಾಸನೆ ಹೊಡೆಯುತ್ತಿತ್ತು…

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಕಂದಿಕೆರೆ ಕಡೆಯವರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಮದುವೆಗೆ ಮುಂಚೆ ಶೀತಲಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿದಿದ್ದರು. ತಿಪಟೂರಿನ ನಮ್ಮ ಮನೆಯದು ಕೊಬ್ಬರಿ ವ್ಯಾಪಾರ. ಮಾವನವರು ಅಂಗಡಿಯನ್ನು ಮಾರುಕಟ್ಟೆಯ ಹತ್ತಿರಕ್ಕೆ ಸಾಗಿಸಿದ ಮೇಲೆ ತೋಟದ ಪಕ್ಕದ ಉಗ್ರಾಣ ಖಾಲಿ ಬಿತ್ತು. ಅಕ್ಕ ಅದನ್ನು ಕೇಳಿ ಪಡೆದು ಸಾಲುಸಾಲು ಕಂಪ್ಯೂಟರ್ ಕೂರಿಸಿದರು.

ಕಾರ್ಟೂನ್ ಸಿನಿಮಾ ತಯಾರಿಸುವ ಒಂದು ಕಂಪನಿಯ ಕೆಲಸ ಅದು. ಅವರು ಬರೆದು ಕಳಿಸಿದ ಗೊಂಬೆಗಳ ಮೈಮೇಲೆ ಬೆಳಕು ಎಲ್ಲಿ ಬೀಳಬೇಕು, ನೆರಳು ಎಲ್ಲಿಗೆ ಚಾಚಬೇಕು ಎಂದು ಯಂತ್ರಗಳು ಎಡೆಬಿಡದೆ ಲೆಕ್ಕ ಹಾಕಬೇಕು. ಲೆಕ್ಕ ಹೆಚ್ಚಿದಷ್ಟೂ ಕಾವು ಹೆಚ್ಚು. ಬೇಸಿಗೆ ಬಂತು. ವೋಲ್ಟೇಜ್ ಬಿದ್ದಾಗಲೆಲ್ಲ ಏಸಿಗಳು ಗೊರಗೊರ ಎಂದು ಸುಮ್ಮನಾಗುತ್ತಿದ್ದವು. ಕಾದ ಯಂತ್ರಗಳು ತಮ್ಮನ್ನು ತಾವೇ ನಿಧಾನ ಮಾಡಿಕೊಳ್ಳುತ್ತಿದ್ದವು. ಇನ್ನೊಂದು ಸಲ ತಡವಾದರೆ ಕೆಲಸ ಬೇರೆಯವರಿಗೆ ಎಂದು ಕಂಪನಿಯವರು ಹೇಳಿಬಿಟ್ಟರು.

ಅಕ್ಕ ಅಳುಕಲಿಲ್ಲ. “ಗಾಳಿ ಕೈಲಿ ಇಷ್ಟು ಬಿಸಿ ಹೊರೋಕಾಗಲ್ಲ ಕಣೇ. ಇದಕ್ಕೆ ನೀರೇ ಆಗ್ಬೇಕು” ಎಂದರು.

ಊಟದ ಹೊತ್ತಿನಲ್ಲಿ ಈ ಮಾತು ಕೇಳಿ ಮಾವನವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. “ಕರೆಂಟಿರೋ ಕಡೆ ನೀರು ಹರಿಸ್ತೀನಿ ಅಂತೀಯಲ್ಲವ್ವ, ಏನಾದ್ರೂ ಉಳೀತದಾ?”

“ತೋಟದ ಬೋರಲ್ಲಿ ಮೋಟ್ರು ಎಲ್ಲೈತೆ ಮಾವ? ನೀರೊಳಗೇ ಅಲ್ವ?”

ಮಾವನವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಸರಿ ಬುಡು, ಮಾಡು. ನೋಡನ” ಎಂದು ಮತ್ತೆ ಊಟಕ್ಕೆ ಕೈ ಹಾಕಿದರು.

ಪ್ರತಿ ಕಂಪ್ಯೂಟರಿನ ಕಾಯುವ ಭಾಗದ ಮೇಲೆ ಒಂದೊಂದು ತಾಮ್ರದ ತಟ್ಟೆ, ಅದರೊಳಗೆ ಕೂದಲೆಳೆಯಂಥ ಕಾಲುವೆಗಳು, ತಟ್ಟೆಯಿಂದ ತಟ್ಟೆಗೆ ಸಣ್ಣ ಕೊಳವೆ. ಅವುಗಳಲ್ಲಿ ಸುತ್ತುವುದು ಬಸ್ಸಿನ ರೇಡಿಯೇಟರಿಗೆ ಹಾಕುವಂಥದೇ ದ್ರವ. ನಮ್ಮ ಬೋರಿನ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ. ಆ ನೀರು ಯಂತ್ರದ ಒಳಗೆ ಹೋಗಕೂಡದು. ಹೊರಗಡೆ ಒಂದು ಪೆಟ್ಟಿಗೆಯಲ್ಲಿ, ತೆಳು ತಗಡಿನ ಈಚೆ ಬದಿ ದ್ರವ, ಆಚೆ ಬದಿ ಬೋರಿನ ನೀರು. ದ್ರವ ತನ್ನ ಬಿಸಿಯನ್ನು ತಗಡಿನಾಚೆಗೆ ದಾಟಿಸಿ ತಾನು ತಣ್ಣಗಾಗಿ ಮರಳುತ್ತಿತ್ತು. ಬೆಚ್ಚಗಾದ ನೀರು ತೊಟ್ಟಿಯಲ್ಲಿ ಆರಿ ತೆಂಗಿನ ಬುಡ ಸೇರುತ್ತಿತ್ತು. ಬಿಕಾಂ ಓದಿ ಮನೆಯಲ್ಲಿದ್ದ ನನ್ನನ್ನು ಅಕ್ಕ ಜೊತೆಗೆ ಕೂರಿಸಿಕೊಂಡು ಕೊಳವೆ ಜೋಡಿಸುವುದನ್ನು ಕಲಿಸಿದರು. ತಪ್ಪಿದರೆ ಬೈಯುತ್ತಿರಲಿಲ್ಲ, ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು.

ದೊಡ್ಡ ಕೆಲಸವೊಂದನ್ನು ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ, ಒಂದು ಕಂಪ್ಯೂಟರಿನ ಅಂಚಿನಿಂದ ದ್ರವ ತೊಟ್ಟಿಕ್ಕುವುದನ್ನು ನಾನೇ ಮೊದಲು ಕಂಡೆ. ಕೂಗಿದೆ. ಅಕ್ಕ ಬಂದು ನೋಡಿದವರೇ ಆ ಒಂದನ್ನಲ್ಲ, ಇಡೀ ಉಗ್ರಾಣವನ್ನು ನಿಲ್ಲಿಸಿದರು. ಅಷ್ಟು ಹೊತ್ತು ಮೊರೆಯುತ್ತಿದ್ದ ಜಾಗದಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಕಂಪನಿಯವನು ಫೋನಿನಲ್ಲಿ, ಒಂದು ಸೋರಿದರೆ ಅದನ್ನಷ್ಟೇ ತೆಗೆದಿಟ್ಟು ಮಿಕ್ಕವನ್ನು ಓಡಿಸಿ ಎಂದು ಒತ್ತಾಯಿಸಿದ.

“ಕೊಳವೆ ಬಿಗಿಯೋ ಒಂದು ಕ್ಲಿಪ್ಪು ಸಡಿಲ ಆಗಿದೆ ಅಂದ್ರೆ ಅದರ ಜೊತೆಲಿ ಬಂದಿರೋ ಕ್ಲಿಪ್ಪುಗಳನ್ನೂ ನಂಬಕ್ಕಾಗಲ್ಲ ಸರ್” ಎಂದರು ಅಕ್ಕ. “ಈಗ ನಿಲ್ಲಿಸ್ತೀನಿ. ಕತ್ತಲಾಗೋಕೆ ಮುಂಚೆ ಶುರು ಮಾಡ್ತೀನಿ. ನಿಮ್ಮ ಕೆಲಸ ನಾಳೆ ನಿಮ್ಮ ಕೈಲಿರುತ್ತೆ.”

ಭಾವನವರು ಪೇಟೆಗೆ ಓಡಿ ಗಟ್ಟಿ ಕ್ಲಿಪ್ಪುಗಳನ್ನು ತಂದರು. ನನ್ನ ಗಂಡ ಕಳಚಿದರು, ಅಕ್ಕ ಮತ್ತು ನಾನು ಬಿಗಿದೆವು. ಮಾವನವರು ಹಳೇ ಪಂಚೆ ಹರಿದು ನೆಲ ಒರೆಸುತ್ತಾ, “ಇಲ್ಲೊಂದು ಹನಿ ಐತೆ ನೋಡವ್ವ” ಎಂದು ತೋರಿಸುತ್ತಿದ್ದರು. ತೋಟದಲ್ಲಿ ಬಿಸಿಲು ಇನ್ನೂ ಇರುವಾಗಲೇ ಪಂಪು ಶುರುವಾಯಿತು. ಎಲ್ಲರೂ ಬಗ್ಗಿ ಬಗ್ಗಿ ನೋಡಿದೆವು. ಒಂದು ಹನಿಯೂ ಬೀಳಲಿಲ್ಲ. ಮರುದಿನ ಕೆಲಸ ಹೊತ್ತಿಗೆ ಸರಿಯಾಗಿ ಹೋಯಿತು, ಕಂಪನಿ ನಮ್ಮಲ್ಲೇ ಉಳಿಯಿತು. ಉಗ್ರಾಣದ ಇನ್ನರ್ಧವೂ ಯಂತ್ರಗಳಿಂದ ತುಂಬಿತು.

ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಅಕ್ಕ ತಲೆನೋವು ಎಂದು ಜಗುಲಿಯ ಮೇಲೆ ಕೂತರು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ತುಮಕೂರು ತಲುಪುವಷ್ಟರಲ್ಲಿ…

ಅವರನ್ನು ಮನೆಗೆ ತಂದಾಗ, ಇಂಥ ದಿನ ಯಂತ್ರ ಓಡಬಾರದೆಂದು ನಾನು ಉಗ್ರಾಣದ ಕಡೆ ಹೊರಟೆ. ಮಾವನವರು ತಡೆದರು. “ನಿಲ್ಲಿಸ್ಬ್ಯಾಡ ಕಣಮ್ಮ. ನಡೀಲಿ ಅಂತ್ಲೇ ಮಾಡಿದ್ದು ಅವಳು.”

ಅಂದಿನಿಂದ ಉಗ್ರಾಣವನ್ನು ನಾನು ನಡೆಸುತ್ತಿದ್ದೇನೆ. ಚೆನ್ನಾಗಿಯೇ ನಡೆಸುತ್ತಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾರ್ಖಾನೆಯಲ್ಲೇ ತಾಮ್ರದ ತಟ್ಟೆ ಕೂರಿಸಿದ ಹೊಸ ಯಂತ್ರಗಳು ಮೊನ್ನೆ ಬಂದವು. ಅವನ್ನು ಜೋಡಿಸಲು ಬಂದ ಎಂಜಿನಿಯರ್ ನಮ್ಮ ಕೊಳವೆಗಳ ಗುಂಟ ಒಂದು ಸುತ್ತು ಹಾಕಿ ಬಂದು, “ಇದನ್ನ ಮಾಡ್ದೋರ ಹತ್ರ ಮಾತಾಡ್ಬೇಕಲ್ಲ ಮೇಡಂ” ಎಂದರು.

“ಅವರಿಲ್ಲ. ಏನಿದ್ರೂ ನನ್ನೇ ಕೇಳಿ” ಎಂದೆ.

ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಕೊನೆಗೆ ಮೂಲೆಯಲ್ಲಿದ್ದ ಒಂದು ವಾಲ್ವಿನ ಮುಂದೆ ನಿಂತು, ಇದು ಇಲ್ಲಿ ಯಾಕೆ ಎಂದರು. ನನಗೆ ಗೊತ್ತಿರಲಿಲ್ಲ. ಅಕ್ಕ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇನ್ನು ಕೇಳಲು ಯಾರೂ ಇಲ್ಲ.

“ಬೇಡದಿದ್ರೆ ತೆಗೆದುಬಿಡನಾ ಮೇಡಂ?”

“ಇರ್ಲಿ ಬಿಡಿ” ಎಂದೆ. ಅದರ ಸುತ್ತ ಜಾಗ ಬಿಟ್ಟು ಹೊಸ ಕೊಳವೆಗಳನ್ನು ಎಳೆಸಿದೆ.