ಧ್ರುವದ ಕಡಲಿಗೆ ಹಾಲೆಮರದ ತೇಲುಗುಂಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚನ್ನಪಟ್ಟಣದ ಓಣಿಯೊಂದರ ತಗಡಿನ ಶೆಡ್ಡಿನಲ್ಲಿ ಮುನವ್ವರಾ ಆಗಲೇ ಲೇತಿನ ಮುಂದೆ ಕುಳಿತಿದ್ದಾರೆ. ಗಿರ್ರನೆ ತಿರುಗುವ ಹಾಲೆಮರದ ಗುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಕೆಂಪು ಹತ್ತುತ್ತದೆ. ಜೊತೆಗಾತಿ ಕಾವೇರಮ್ಮ ಹೊಳಪಿಗೆಂದು ತಾಳೆಗರಿ ಚಾಚುತ್ತಾರೆ. ಇದು ಆಟಿಕೆಯಲ್ಲ, ಉತ್ತರ ಧ್ರುವದ ಹತ್ತಿರದ ಕಡಲಿಗೆ ಬಿಡುವ ತೇಲುಗುಂಡು. ಇವತ್ತು ಮಧ್ಯಾಹ್ನ ಹೊಂಗನೂರು ಕೆರೆಯಲ್ಲಿ ಇದರ ಪರೀಕ್ಷೆ.

ಪ್ಲಾಸ್ಟಿಕ್ ಆಟಿಕೆ ಬಂದ ಮೇಲೆ ಓಣಿಯ ಲೇತುಗಳು ಒಂದೊಂದಾಗಿ ಸದ್ದಡಗಿವೆ. ಮುನವ್ವರಾ ಅವರ ಗಂಡ ನಜೀರ್ ಹಾರೋಹಳ್ಳಿಯ ಫ್ಯಾಕ್ಟರಿ ಸೇರಿದ್ದಾರೆ. ಗುಂಡು ಇವತ್ತೂ ಕೈಕೊಟ್ಟರೆ ಸೋಮವಾರ ಲೇತ್ ಮಾರಾಟ, ಮುನವ್ವರಾ ಕೂಡ ಫ್ಯಾಕ್ಟರಿ ಬಸ್ಸು ಹತ್ತುವುದೆಂದು ಮನೆಯಲ್ಲಿ ಮಾತಾಗಿದೆ.

ಈ ಕೆಲಸ ತಂದವರು ಹೊಂಗನೂರಿನವರೇ ಆದ, ಕಡಲಿನ ಅಧ್ಯಯನದಲ್ಲಿರುವ ಅನಂತರಾಜು. ದಕ್ಷಿಣದಿಂದ ಬೆಚ್ಚಗಿನ ನೀರು ಧ್ರುವದತ್ತ ಹರಿಯುತ್ತದೆ, ಅದರ ಒಂದು ಕವಲು ಮುಂದೆ ನಡೆದು ತಣ್ಣೀರಿನಡಿಗೆ ಇಳಿದು ಮಂಜುಗಡ್ಡೆಯ ಕೆಳಗೆ ಸೇರುತ್ತದೆ, ಇನ್ನೊಂದು ಪಶ್ಚಿಮಕ್ಕೆ ಹೊರಳಿ ಬಂದ ದಿಕ್ಕಿಗೇ ಮರಳುತ್ತದೆ ಎಂದು ಅವರು ಮೊದಲ ದಿನವೇ ವಿವರಿಸಿದ್ದರು.

"ನಮ್ಮ ಹಂಡೇಲಿ ಬಿಸಿನೀರು ಮೇಲಿರ್ತದಲ್ಲಪ್ಪ, ಅಲ್ಲೇನು ತಲೆಕೆಳಗಾ?" ಎಂದಿದ್ದರು ಕಾವೇರಮ್ಮ.

"ಅದು ಉಪ್ಪು ಹೊತ್ಕೊಂಡು ಬತ್ತದೆ ಕಣಕ್ಕ. ದಾರೀಲಿ ಒಸಿ ತಣ್ಣಗಾದ್ರೂ ಸಾಕು, ಆ ಭಾರಕ್ಕೆ ಇಳೀತದೆ. ಎಷ್ಟು ನೀರು ಒಳಕ್ಕೋಯ್ತು, ಎಷ್ಟು ತಿರುಗ್ತು ಅನ್ನೋದ್ರ ಮೇಲೆ ಅಲ್ಲಿನ ಮಂಜುಗಡ್ಡೆ ಉಳಿಯೋದು."

ನೀರು ಎಲ್ಲಿ ಹೊರಳುತ್ತದೆಂದು ತೋರಿಸಲು ಮೇಲೆ ತೇಲುವ ಗುಂಡು ಬೇಕು. ಬಿಟ್ಟ ಗುಂಡು ಯಾವ ದಡದಲ್ಲಿ ಸಿಕ್ಕಿತೆಂಬುದರಿಂದ ನೀರು ಹರಿದ ದಾರಿ ಗೊತ್ತಾಗುತ್ತದೆ. ಆದರೆ ಮುನವ್ವರಾ ಮೊದಲು ಮಾಡಿದ ಗುಂಡುಗಳು ಕೆರೆಗಿಳಿದದ್ದೇ ತಡ, ಗಾಳಿಗೆ ಓಡಿ ದಡ ಸೇರಿದವು.

"ಬಾತುಕೋಳಿ ಮಾಡಿದ್ದೀಯ ಕಣೆ, ಕೊಕ್ಕೊಂದು ಬಾಕಿ!" ಎಂದು ಕಾವೇರಮ್ಮ ನಕ್ಕರು. ಅನಂತರಾಜು ನಗಲಿಲ್ಲ. ಗಾಳಿ ತಳ್ಳಿದರೆ ನೀರಿನ ದಾರಿ ತಿಳಿಯುವುದಿಲ್ಲ.

"ಕೈ ಅಭ್ಯಾಸ. ಮಗು ಎತ್ತೋಕೆ ಹಗುರ ಇರ್ಲಿ ಅಂತ ಒಳಗೆಲ್ಲ ಕೊರೆದ್ಬುಟ್ಟಿದ್ದೆ," ಎನ್ನುತ್ತಾರೆ ಮುನವ್ವರಾ. ಈ ಸಲ ಕೊರೆದಿಲ್ಲ. ಬುಡಕ್ಕೆ ಕಬ್ಬಿಣದ ನಟ್ಟು ಕೂರಿಸಿ, ಮನೆಯ ಡ್ರಮ್ಮಿನಲ್ಲಿ ಮುಳುಗಿಸಿ ನೋಡಿದ್ದಾರೆ. ನೆತ್ತಿಯಷ್ಟೇ ಮೇಲೆ ಕಾಣುತ್ತದೆ.

ಮಧ್ಯಾಹ್ನ ಕೆರೆಯ ಮೇಲೆ ಜೋರು ಗಾಳಿ. ತೂಬು ತೆರೆದಿದೆ. ಅನಂತರಾಜು ಗುಂಡುಗಳನ್ನು ಬಿಡುತ್ತಾರೆ. ಪಕ್ಕದಲ್ಲಿ ತೇಲುವ ಒಣಗರಿಗಳು ಗಾಳಿಯ ಹಿಂದೆ ಆಚೆ ದಡಕ್ಕೆ ಓಡುತ್ತವೆ. ಮುನವ್ವರಾ ಸೆರಗಿನ ತುದಿಯನ್ನು ಹಿಂಡಿ ಹಿಡಿದಿದ್ದಾರೆ. ಕೆಂಪು ನೆತ್ತಿಗಳು ಗಾಳಿಗೆದುರಾಗಿ, ಅವಸರವಿಲ್ಲದೆ, ನೀರು ಹರಿಯುವ ತೂಬಿನ ಕಡೆಗೆ ಸಾಗುತ್ತವೆ.

"ಇವು ಧ್ರುವದ ಕಡಲಿಗೆ ಹೋಗ್ತವೆ ಅಕ್ಕ. ಇಂಥವೇ ಇನ್ನಷ್ಟು ಮಾಡಿ," ಎನ್ನುತ್ತಾರೆ ಅನಂತರಾಜು.

"ಲೇತ್ ಮಾರಲ್ಲ ಅಂತ ನಿನ್ ಗಂಡಂಗೆ ಫೋನ್ ಮಾಡೇ ಮೊದ್ಲು," ಎಂದು ಕಾವೇರಮ್ಮ ತಿವಿಯುತ್ತಾರೆ.

ಮುನವ್ವರಾ ಮಾತ್ರ ಅನಂತರಾಜು ಅವರನ್ನು ಒಂದೇ ಮಾತು ಕೇಳುತ್ತಾರೆ. "ಯಾವ್ದಾದ್ರೂ ಒಂದು ದಡಕ್ಕೆ ಸಿಕ್ರೆ ನಂಗೆ ತಂದ್ಕೊಡಿ ಸಾರ್. ಆ ಉಪ್ಪಲ್ಲಿ, ಆ ಚಳೀಲಿ ನನ್ ಅರಗು ಎಂಗಾಗೈತೆ ಅಂತ ನೋಡ್ಬೇಕು. ಬಿರುಕು ಬಿಟ್ಟಿದ್ರೆ ಮುಂದಿನವಕ್ಕೆ ಇನ್ನೊಂದು ಪದರ ಕೊಡ್ತೀನಿ."