ಜೋಲೀನ್‌ಳ ದನಿಗೆ ಕೇಳಿದ ಅಪ್ಪಣೆ

ಬೆಳಗಿನ ಕಾಫಿಯ ಹೊತ್ತಿಗೆ ತಟ್ಟೆಯಲ್ಲಿ ನಿಂಬೆ ಕೇಕಿನ ಒಂದೇ ತುಂಡು ಉಳಿದಿತ್ತು. ಡುಲೂತ್ ಊರಿನಲ್ಲಿ ಕೊನೆಯ ತುಂಡನ್ನು ಯಾರೂ ಪೂರ್ತಿ ಎತ್ತಿಕೊಳ್ಳುವುದಿಲ್ಲ. ಅರ್ಡಿಸ್ ಸ್ಯಾಂಡ್‌ವಿಕ್ ಅರ್ಧ ಕತ್ತರಿಸಿಕೊಂಡಳು. ಅವಳ ಹಿಂದೆ ಬಂದ ಡ್ವೇನ್ ಪ್ರೆಬಿಷ್ ಉಳಿದದ್ದರಲ್ಲಿ ಮತ್ತೆ ಅರ್ಧ ಕತ್ತರಿಸಿದ.

"ಪೂರ್ತಿ ತಗೋ ಡ್ವೇನ್."

"ಅಯ್ಯೋ ಬೇಡಪ್ಪ, ಬೇರೆ ಯಾರಿಗಾದ್ರೂ ಬೇಕಾಗತ್ತೆ."

ಅಷ್ಟರಲ್ಲಿ ಗ್ರಂಥಾಲಯದ ಮೇಲಿನ ಮಹಡಿಯಿಂದ ಫೋನ್ ಬಂತು. ವರ್ನಾ ನೈಗಾರ್ಡ್ ಬಂದಿದ್ದಾರೆ ಎಂದರು. ಅರ್ಡಿಸ್ ಕಾಫಿಯನ್ನು ಹಾಗೇ ಬಿಟ್ಟು ಎದ್ದಳು.

ಅರ್ಡಿಸ್‌ಳ ಕೆಲಸ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹಳೆಯ ಕಂಪ್ಯೂಟರುಗಳ ಫ್ಲಾಪಿ ಡಿಸ್ಕುಗಳಲ್ಲಿ ಇರುವುದು ಅಳಿಸಿಹೋಗುವ ಮುಂಚೆ ಪ್ರತಿ ಮಾಡಿ, ಹೊಸ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಿ ಕಾಪಾಡುವುದು. ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ವರ್ನಾ ಫ್ಲಾಪಿಗಳ ಒಂದು ಪೆಟ್ಟಿಗೆ ತಂದುಕೊಟ್ಟಿದ್ದರು. ಅವರ ಮಗಳು ಜೋಲೀನ್‌ಗೆ ಹುಟ್ಟಿನಿಂದಲೇ ಮಾತು ಬರುತ್ತಿರಲಿಲ್ಲ, ಕೈಗಳೂ ಸ್ವಾಧೀನದಲ್ಲಿರಲಿಲ್ಲ. ಗದ್ದಕ್ಕೆ ಕಟ್ಟಿದ ಕಡ್ಡಿಯಿಂದ ಅಕ್ಷರ ಒತ್ತಿದರೆ, ಕಂಪ್ಯೂಟರು ಅವಳ ಪರವಾಗಿ ಮಾತಾಡುತ್ತಿತ್ತು. ಅವಳು ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಕಂಪ್ಯೂಟರೂ ಕೆಟ್ಟಿತ್ತು. ಮಾತಾಡುವ ಪ್ರೋಗ್ರಾಮು, ಅವಳು ಕೂಡಿಟ್ಟ ವಾಕ್ಯಗಳು, ಎರಡೂ ಫ್ಲಾಪಿಗಳಲ್ಲಿದ್ದವು.

"ಇದನ್ನ ನಿಮ್ಮ ಸಂಗ್ರಹಕ್ಕೇ ಇಟ್ಕೊಳ್ಳಿ," ಎಂದಿದ್ದರು ವರ್ನಾ. "ನಂದೊಂದು ಕಿವಿ ಹೋಯ್ತು. ಇನ್ನೊಂದು ಚೂರು ಉಳಿದಿದೆ. ಅದಿರೋವಾಗ ಅವಳ ದನೀನ ಒಂದ್ಸಲ ಕೇಳಿಸ್ಬಿಡು ಕಣಮ್ಮ."

ಅಂದೇ ಪ್ರತಿ ಮಾಡಬಹುದಿತ್ತು. ಆದರೆ ಪ್ರೋಗ್ರಾಮಿನ ಹಕ್ಕು ಬೇರೆಯವರದು. ಅವರನ್ನು ಕೇಳದೆ ಮುಟ್ಟುವುದು ಅರ್ಡಿಸ್‌ಗೆ ಸರಿ ಕಾಣಲಿಲ್ಲ. ಅದನ್ನು ಮಾಡಿದ ಕಂಪನಿಗೆ ಬರೆದಳು. ಆ ಕಂಪನಿಯನ್ನು ಇನ್ನೊಂದು ಕೊಂಡಿತ್ತು, ಅದನ್ನು ಮತ್ತೊಂದು. ಕೊನೆಯವರು, ನಮ್ಮಲ್ಲಿ ವಿಚಾರಿಸಿ ತಿಳಿಸುತ್ತೇವೆ ಎಂದು ಬರೆದು ಸುಮ್ಮನಾದರು. ಚಳಿಗಾಲ ಬಂದು ಊರಿನ ಸರೋವರ ಹೆಪ್ಪುಗಟ್ಟಿತು. ವರ್ನಾ ಆಗಾಗ ಫೋನ್ ಮಾಡುತ್ತಿದ್ದರು.

"ಬಂತಾ ಉತ್ತರ?"

"ಇನ್ನೂ ಇಲ್ಲ, ಮಿಸೆಸ್ ನೈಗಾರ್ಡ್."

"ಹೋಗ್ಲಿ ಬಿಡು. ಅವ್ರಿಗೂ ಕೆಲ್ಸ ಇರತ್ತೆ."

ಫೆಬ್ರವರಿಯಿಂದ ಫೋನ್ ಬರುವುದು ನಿಂತಿತು. ಅರ್ಡಿಸ್ ಮತ್ತೊಂದು ಕಾಗದ ಬರೆದಳು. ಹಿಮ ಕರಗುವ ಹೊತ್ತಿಗೆ ಬೇರಾವುದೋ ಕೆಲಸಕ್ಕೆ ನೆಲಮಾಳಿಗೆಗೆ ಇಳಿದ ಡ್ವೇನ್‌ನ ಕಣ್ಣಿಗೆ ಅವಳ ಕಾಗದಗಳು ಬಿದ್ದವು. ವಿಶ್ವವಿದ್ಯಾಲಯದ ವಕೀಲ ಅವನು.

"ಇದಕ್ಕೆ ಯಾರನ್ನ ಕೇಳ್ತಾ ಕೂತಿದೀಯ ಅರ್ಡಿಸ್?"

"ಹಕ್ಕುಸ್ವಾಮ್ಯ ಇದೆಯಲ್ಲ."

"ಇದೆ. ಜೊತೆಗೆ ನ್ಯಾಯಯುತ ಬಳಕೆ ಅಂತಾನೂ ಇದೆ, ಕೆಲವು ಕೆಲ್ಸಕ್ಕೆ ಅಪ್ಪಣೆ ಬೇಕಿಲ್ಲ. ಈ ಪ್ರೋಗ್ರಾಮು ಅಂಗಡೀಲಿ ಸಿಗಲ್ಲ. ನೀನು ಪ್ರತಿ ಮಾಡೋದು ಮಾರೋಕಲ್ಲ, ಹಾಳಾಗ್ದೆ ಇರ್ಲಿ, ಕಲಿಯೋರು ಇಲ್ಲೇ ಬಂದು ನೋಡ್ಲಿ ಅಂತ. ಇದ್ರಿಂದ ಯಾರ ಹೊಟ್ಟೆ ಮೇಲೂ ಹೊಡೆದಂಗಾಗಲ್ಲ. ಕಾನೂನು ಬಾಗ್ಲು ತೆಗೆದಿಟ್ಟಿದೆ, ನೀನು ಹೊರಗೆ ನಿಂತು ತಟ್ತಾನೇ ಇದೀಯ. ಮೊದ್ಲೇ ನನ್ನನ್ನ ಕೇಳೋಕೇನಾಗಿತ್ತು?"

"ನಿಂಗ್ಯಾಕೆ ತೊಂದ್ರೆ ಅಂತ."

ಅಂದು ಮಧ್ಯಾಹ್ನವೇ ಪ್ರತಿ ಮಾಡಿದಳು. ಫ್ಲಾಪಿಗಳು ಚೆನ್ನಾಗಿದ್ದವು. ವರ್ನಾಗೆ ಎರಡು ಸಲ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಕೊನೆಗೆ, ಬನ್ನಿ ಎಂದು ಒಂದು ಕಾರ್ಡು ಹಾಕಿದಳು.

ಆ ಕಾರ್ಡು ನೋಡಿ ಇವತ್ತು ಬಂದಿದ್ದ ವರ್ನಾ ಕೋಟು ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತರು. ಅರ್ಡಿಸ್ ಗುಂಡಿ ಒತ್ತಿದಳು.

"ಅಮ್ಮಾ, ಸೂಪಿಗೆ ಎರಡ್ಸಲ ಉಪ್ಪು ಹಾಕಿದೀಯ. ನಂಗೇನು ಸಮುದ್ರ ಕುಡಿಸ್ಬೇಕು ಅಂತಿದೀಯಾ?"

ವರ್ನಾ ಅರ್ಡಿಸ್‌ಳ ಮುಖವನ್ನೇ ನೋಡುತ್ತಿದ್ದರು. "ಶುರು ಮಾಡ್ಲಿಲ್ವಾ?"

ಅರ್ಡಿಸ್ ಕಂಪ್ಯೂಟರಿನ ದನಿ ಏರಿಸಿದಳು. ಪೂರ್ತಿ ಏರಿಸಿದಳು. ಮೇಜು ನಡುಗಿತು.

"ಫೆಬ್ರವರೀಲಿ ಜ್ವರ ಬಂತು," ಎಂದರು ವರ್ನಾ. "ಈ ಕಿವೀನೂ ತಗೊಂಡೋಯ್ತು. ಜೋರಾಗಿ ಇಟ್ರೆ ಚೂರಾದ್ರೂ ಕೇಳಿಸಬಹುದೇನೋ ಅಂತ ಬಂದೆ." ಆಮೇಲೆ ಕೇಳಿದರು, "ಏನಂತಾಳೆ?"

ಅರ್ಡಿಸ್ ಕಾಗದದ ಮೇಲೆ ಬರೆದು ತೋರಿಸಿದಳು. ವರ್ನಾ ಓದಿ ನಕ್ಕರು.

"ಹಂಗೇ ಅಂತಿದ್ಳು. ಬಾಯಿ ಜೋರು ಅವಳ್ದು." ನಗು ನಿಂತಿತು. "ದನಿ ಹೆಂಗಿದೆ ಕಣಮ್ಮ? ನಂಗೆ ಮರ್ತೇ ಹೋಗಿದೆ."

ಅರ್ಡಿಸ್ ಒಂದು ಸಾಲು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗಿದೆ. ಎಲ್ಲ ಮಾತೂ ಬಿರುಸು. ಅಮ್ಮಾ ಅನ್ನುವುದು ಮಾತ್ರ ನಿಧಾನ.

"ಅದನ್ನ ಅವಳೇ ನಿಧಾನ ಮಾಡ್ಕೊಂಡಿದ್ಳು," ಎಂದರು ವರ್ನಾ. "ದಿನಗಟ್ಲೆ ಕೂತಿದ್ಳು ಅದೊಂದಕ್ಕೆ."

ಅಪ್ಪಣೆಗಾಗಿ ಕಾದದ್ದು ನನ್ನ ತಪ್ಪು, ಕೇಳುವ ಅಗತ್ಯವೇ ಇರಲಿಲ್ಲ ಎಂದು ಅರ್ಡಿಸ್ ಬರೆದಳು. ವರ್ನಾ ಅದನ್ನು ಎರಡು ಸಲ ಓದಿದರು.

"ಹಾಗನ್ಬೇಡ. ಕೇಳಿ ತಗೋಬೇಕು ಅಂತ ನಾನೂ ಅವಳಿಗೆ ಹೇಳ್ಕೊಟ್ಟಿದ್ದೆ."

ಕೋಟಿನ ಗುಂಡಿಗಳು ಹಾಕಿದಂತೆಯೇ ಇದ್ದವು. ಅವರು ಎದ್ದು ಹೊರಟರು.

ಪ್ರೋಗ್ರಾಮು ಈಗ ಓದುವ ಕೋಣೆಯ ಕಂಪ್ಯೂಟರಿನಲ್ಲಿದೆ. ಮಾತಿನ ತೊಂದರೆಗಳ ಬಗ್ಗೆ ಕಲಿಯುತ್ತಿರುವ ವಿದ್ಯಾರ್ಥಿಗಳು ಬರುವ ಗುರುವಾರ ಅದನ್ನು ಕೇಳಲು ಬರುತ್ತಾರೆ.